ಕೆಂಪು ಗುಳಿಗೆ ನುಂಗುವ ಹೊತ್ತು

ಗರ್ಭಿಣಿಯರ ಮನೆಗೆ ಹೋದರೆ ನಾನು ಮೊದಲು ಕೇಳುವುದು ಖಾಲಿಯಾದ ಗುಳಿಗೆ ಶೀಟುಗಳನ್ನು. ಆಶಾ ಕಾರ್ಯಕರ್ತೆಯಾಗಿ ಹದಿನೈದು ವರ್ಷ ಮನೆ ಮನೆ ತಿರುಗಿದವಳಿಗೆ ಬಾಯಿಮಾತಿನ ಮೇಲೆ ಅಷ್ಟು ಭರವಸೆ ಉಳಿಯುವುದಿಲ್ಲ. "ನುಂಗೀನ್ರಿ" ಎನ್ನುತ್ತಾರೆ, ಗುಳಿಗೆ ನೋಡಿದರೆ ಗೂಡಿನಲ್ಲಿ ದೇವರ ಫೋಟೋದ ಹಿಂದೆ ಹಾಗೇ ಕೂತಿರುತ್ತದೆ. ಅದಕ್ಕೇ ಶೀಟು ನೋಡಿ, ಖಾಲಿ ಇದ್ದರೆ ನನ್ನ ಡೈರಿಯಲ್ಲಿ ಒಂದು ಗೀಟು ಹಾಕಿ, ಮುಂದಿನ ಮನೆಗೆ ನಡೆಯುವುದು ನನ್ನ ರೂಢಿ. ಶೀಟು ಸುಳ್ಳು ಹೇಳುವುದಿಲ್ಲ ಎಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ. ಆದರೆ ಅದು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನು ಬಸದಿ ಓಣಿಯ ಒಬ್ಬ ಸೊಸೆಯಿಂದ ಕಲಿತೆ.

ನಮ್ಮೂರು ಹಾರೂಗೇರಿಯಿಂದ ಅಥಣಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿದೆ. ಸುತ್ತಲೂ ಕಬ್ಬು, ನಡುನಡುವೆ ಅರಿಷಿಣ. ನನಗೆ ಹಂಚಿಕೊಟ್ಟ ಮನೆಗಳಲ್ಲಿ ಅರ್ಧಕ್ಕರ್ಧ ಬಸದಿ ಓಣಿಯ ಜೈನರವು. ನಾವು ಲಿಂಗಾಯತರು, ನಮ್ಮ ಮನೆ ಆ ಓಣಿಯ ಹಿಂದೆಯೇ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಒಂದು ಸೋಜಿಗವಿತ್ತು. ಸಂಜೆ ಹೊತ್ತು ಇಳಿಯುವಾಗ ನಮ್ಮ ಮನೆಯಲ್ಲಿ ಇನ್ನೂ ರೊಟ್ಟಿಗೆ ಹಿಟ್ಟು ಕೂಡ ನಾದಿರುವುದಿಲ್ಲ. ಅವರ ಹಿತ್ತಲುಗಳಲ್ಲಿ ಆಗಲೇ ಊಟ ಮುಗಿದು ಪಾತ್ರೆ ತಿಕ್ಕುವ ಸದ್ದು ಕೇಳುತ್ತದೆ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಕೆಲವು ಮನೆಗಳಲ್ಲಿ ನೀರನ್ನೂ ಕುಡಿಯುವುದಿಲ್ಲ. ವರ್ಷಗಳು ಕಳೆದಂತೆ ಆ ಸದ್ದು ನನಗೆ ಗಡಿಯಾರವಾಯಿತು. ಅದು ಕೇಳಿಸಿದಾಗ ನಾನು ನನ್ನ ಒಲೆ ಹೊತ್ತಿಸುತ್ತೇನೆ.

ಆ ಸೊಸೆ ಕಾಗವಾಡದ ಕಡೆಯವಳು. ಮಾತಿನಲ್ಲಿ ಅರ್ಧ ಮರಾಠಿ. ಅತ್ತೆಯನ್ನು "ಆಯಿ" ಎಂದು ಕರೆಯುತ್ತಿದ್ದಳು. ಎರಡನೆಯ ಬಸಿರು. ಮೊದಲ ಹೆರಿಗೆಯಲ್ಲಿ ಹೆಣ್ಣು ಕೂಸು ಸುಸೂತ್ರವಾಗಿ ಹುಟ್ಟಿತ್ತು. ಆದರೆ ಆಮೇಲೆ ರಕ್ತ ನಿಲ್ಲದೆ, ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಒಯ್ದು, ಬೇರೆಯವರ ರಕ್ತ ಏರಿಸಿ ಬದುಕಿಸಿಕೊಂಡು ಬಂದಿದ್ದರು. ಆ ದಾರಿಯಲ್ಲಿ ಅವಳ ಕೈ ಹಿಡಿದು ಕೂತವಳು ನಾನೇ. ಮೂರು ತಾಸಿನ ಮೇಲಿನ ದಾರಿ. ಗೋಕಾಕ ದಾಟುವವರೆಗೂ ಅವಳು ನನ್ನ ಬೆರಳು ಬಿಟ್ಟಿರಲಿಲ್ಲ, ಆಮೇಲೆ ಬಿಟ್ಟಳು. ಬಿಟ್ಟಾಗ ನನಗಾದ ಹೆದರಿಕೆ ಇನ್ನೂ ಎದೆಯಲ್ಲಿದೆ.

ಹೀಗಾಗಿ ಈ ಸಲ ಐದು ತಿಂಗಳಿಗೇ ರಕ್ತ ಪರೀಕ್ಷೆ ಮಾಡಿಸಿದಾಗ ಹನ್ನೊಂದರ ಮೇಲಿರಬೇಕಾದ ಎಚ್‌ಬಿ ಎಂಟರ ಆಸುಪಾಸು ಬಂದದ್ದನ್ನು ಕಂಡು ನಮ್ಮ ದವಾಖಾನೆಯ ಡಾಕ್ಟರು ಸುಮ್ಮನಿರಲಿಲ್ಲ. ಅವರಿನ್ನೂ ಮೂವತ್ತು ದಾಟದ ಹುಡುಗ, ಮೈಸೂರು ಕಡೆಯವರು. ನಮ್ಮ ಮಾತು ಅರ್ಥವಾಗದಿದ್ದರೂ ಆಗಿದೆ ಎಂಬಂತೆ ತಲೆಯಾಡಿಸುವ ಸಂಕೋಚದ ಮನುಷ್ಯ. ಕಬ್ಬಿಣದ ಅಂಶದ ಕೆಂಪು ಗುಳಿಗೆ ದಿನಕ್ಕೆ ಎರಡು ಬರೆದುಕೊಟ್ಟರು. "ಒಂದು ತಿಂಗಳಲ್ಲಿ ಒಂದು ಅಂಶವಾದರೂ ಏರಬೇಕಮ್ಮ. ಹೆರಿಗೆ ಹೊತ್ತಿಗೆ ಹತ್ತು ದಾಟಿದ್ದರೆ ಅಥಣಿಯಲ್ಲೇ ಮಾಡಿಸೋಣ. ಇಲ್ಲದಿದ್ದರೆ ಬೆಳಗಾವಿಗೇ ಹೋಗಬೇಕು, ಅದೂ ಮುಂಚಿತವಾಗಿ" ಎಂದರು.

ಬೆಳಗಾವಿ ಎಂದದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. ಹೊರಗೆ ಬಂದ ಮೇಲೆ ನನ್ನ ಸೆರಗು ಹಿಡಿದು, "ಅಕ್ಕಾರ, ಆ ದಾರಿ ಮತ್ತ ಬ್ಯಾಡ್ರಿ. ಏನ್ ಹೇಳ್ತೀರಿ ಅದನ್ನ ಮಾಡ್ತೀನಿ" ಎಂದಳು.

ನಾನು ಹೇಳಬೇಕಾದದ್ದು ನನ್ನ ಚೀಲದಲ್ಲೇ ಇತ್ತು. ತರಬೇತಿಯಲ್ಲಿ ಕೊಟ್ಟ ಚಿತ್ರದ ಹಾಳೆ. ಒಂದು ತಟ್ಟೆ, ಒಂದು ಗುಳಿಗೆ, ಒಂದು ಲೋಟ ನೀರು, ಮೂಲೆಯಲ್ಲಿ ಚಂದ್ರ. "ರಾತ್ರಿ ಊಟವಾದ ಮೇಲೆ" ಎಂದು ದಪ್ಪ ಅಕ್ಷರ. ಆ ಹಾಳೆಯನ್ನು ನಾನು ಎಷ್ಟು ಮನೆಗಳಲ್ಲಿ ಬಿಚ್ಚಿದ್ದೇನೋ, ಮಡಿಕೆಯ ಜಾಗದಲ್ಲಿ ಹರಿದು ಟೇಪು ಹಚ್ಚಿದ್ದೆ. ಅವಳ ಮನೆಯ ಕಟ್ಟೆಯ ಮೇಲೂ ಬಿಚ್ಚಿದೆ. "ರಾತ್ರಿ ಊಟ ಆದ ಮ್ಯಾಲ ಒಂದು, ಹೊತ್ತ ಏರಿದ ಮ್ಯಾಲ ಒಂದು" ಎಂದೆ. ಅವಳು ಹೂಂ ಎಂದಳು. ಅವಳ ಅತ್ತೆ ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದರು, ಅವರೂ ಏನೂ ಅನ್ನಲಿಲ್ಲ. ನಾನು ಹಾಳೆ ಮಡಚಿಕೊಂಡು ಹೊರಟೆ.

ತಿಂಗಳಾಯಿತು. ಶೀಟುಗಳು ಖಾಲಿ. ನಾನು ಗೀಟು ಹಾಕಿದೆ. ಪರೀಕ್ಷೆಗೆ ಕರೆದುಕೊಂಡು ಹೋದೆ. ಏರಬೇಕಾದ ಎಚ್‌ಬಿ ಇದ್ದಲ್ಲೇ ಇತ್ತು, ಇನ್ನೂ ಒಂದು ಕೂದಲೆಳೆ ಇಳಿದಂತೆಯೇ ಇತ್ತು.

ನಮ್ಮ ನರ್ಸಬಾಯಿ ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. ಎಲ್ಲರ ಮುಂದೆಯೇ, "ಆಶಾಬಾಯಿ, ಈ ಹುಡುಗಿ ಗುಳಿಗಿ ನುಂಗವಲ್ಲಳ ನೋಡ್ರಿ. ಬಿಚ್ಚಿ ಬಿಚ್ಚಿ ಗಟಾರಕ್ಕ ಒಗ್ಯಾಕತ್ತಾಳ. ನಿಮಗ ಖಾಲಿ ಶೀಟ್ ತೋರಿಸ್ತಾಳ, ನೀವು ಗೀಟ್ ಹಾಕ್ತೀರಿ. ಚಲೋ ನಡದೈತಿ ನಿಮ್ಮಿಬ್ಬರದೂ" ಎಂದರು.

ಹುಡುಗಿ ಅಳಲಿಲ್ಲ. ತಾಯಿ ಕಾರ್ಡು ತೆಗೆದುಕೊಂಡು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತಳು. ನಾಚಿಕೆ ನನಗಾಯಿತು. ಯಾಕೆಂದರೆ ನರ್ಸಬಾಯಿ ಅಂದದ್ದು ನಿಜವೇ ಇರಬಹುದು ಎಂದು ನನಗೂ ಒಂದು ಕ್ಷಣ ಅನ್ನಿಸಿತ್ತು.

ಆ ಸುದ್ದಿ ನಮಗಿಂತ ಮೊದಲೇ ಓಣಿ ಮುಟ್ಟಿತ್ತು. ಸಂಜೆ ಅವರ ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಹೆಂಗಸು, ಅರವತ್ತು ದಾಟಿದರೂ ಬೆನ್ನು ನೆಟ್ಟಗೆ. ಒಂದು ಡಬ್ಬಿ ತಂದು ನನ್ನ ಮುಂದೆ ಸುರುವಿದರು. ಒಂದು ತಿಂಗಳ ಶೀಟುಗಳೆಲ್ಲ ಅದರಲ್ಲಿದ್ದವು.

"ನೋಡವಾ ತಂಗಿ, ನನ್ನ ಸೊಸಿ ಗಟಾರಕ್ಕ ಒಗದಾಳಂತ. ನಮ್ಮ ಮನಿ ಗಟಾರ ನೀನ ಹೋಗಿ ಕೆದರಿ ನೋಡು, ಸನಿಕಿ ಕೊಡ್ಲೇನು?"

"ನಾ ಹಂಗ ಅಂದಿಲ್ರಿ ಆಯಿ."

"ಅಂದಿಲ್ಲ ಖರೆ. ಅಲ್ಲಂತೂ ಅನ್ನಲಿಲ್ಲಲ್ಲ? ದಿನಾ ನನ್ನ ಕಣ್ಣ ಮುಂದ ನುಂಗತಾಳ. ನುಂಗಿ ವಾಂತಿ ಬಂದ್ರ ಸುದ್ದಾ ಬಾಯಿ ಮುಚ್ಚಿಕೊಂಡು ಕುಂಡರತಾಳ. ನಿಮ್ಮ ಗುಳಿಗ್ಯಾಗs ಏನೂ ಇರಾಕಿಲ್ಲ, ಬಣ್ಣ ಹಚ್ಚಿದ ಸುಣ್ಣ ಅದು."

ನಾನು ಶೀಟುಗಳನ್ನು ಮತ್ತೆ ಡಬ್ಬಿಗೆ ತುಂಬಿದೆ. ಗುಳಿಗೆ ಸರಿಯಾಗಿದೆ ಎಂದರೆ ಹುಡುಗಿ ಸುಳ್ಳಿ. ಹುಡುಗಿ ನಿಜ ಎಂದರೆ ಗುಳಿಗೆ ಕೆಟ್ಟದ್ದು. ಅದೇ ಪೆಟ್ಟಿಗೆಯ ಗುಳಿಗೆ ನುಂಗಿದ ನಮ್ಮ ಓಣಿಯ ಇನ್ನೊಬ್ಬಳಿಗೆ ಚೆನ್ನಾಗಿಯೇ ಏರಿತ್ತು. ಎಲ್ಲೋ ಒಂದು ಕಡೆ ಏನೋ ತಪ್ಪಿತ್ತು, ಅದು ನನಗೆ ಕಾಣುತ್ತಿರಲಿಲ್ಲ. ಹೆರಿಗೆಗೆ ಇನ್ನು ಮೂರು ತಿಂಗಳು.

ನಾನು ಮನೆಗಳಿಗೆ ಹೋಗುವುದು ಸಾಮಾನ್ಯವಾಗಿ ಹನ್ನೊಂದರ ಮೇಲೆ. ನನ್ನ ಮನೆಯ ಕೆಲಸ ಮುಗಿಯಬೇಕು, ಅವರದೂ ಮುಗಿದಿರಬೇಕು. ಆ ವಾರ ಮಾತ್ರ ಜ್ವರದ ಸರ್ವೆ ಬಂತು. ಮಂದಿ ಹೊಲಕ್ಕೆ ಹೋಗುವ ಮುಂಚೆ ನೀರಿನ ಟಾಕಿಗಳಲ್ಲಿ ಸೊಳ್ಳೆಯ ಹುಳ ಆಗಿವೆಯೋ ನೋಡಬೇಕು ಎಂದರು. ಬಸದಿ ಓಣಿಗೆ ಹೋದಾಗ ಆಗತಾನೆ ಹೊತ್ತು ಹುಟ್ಟುತ್ತಿತ್ತು. ಅವರ ಮನೆಯ ಹಿತ್ತಲ ಟಾಕಿ ನೋಡಿ ಅಡುಗೆಮನೆಯ ಬಾಗಿಲಿಗೆ ಬಂದೆ. ಅವಳು ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದಳು. ಕೈಯಲ್ಲಿ ಹಾಲು ಹೆಚ್ಚು ಹಾಕಿದ ಚಹಾದ ಕಪ್ಪು. ಗೋಡೆಯ ಮೇಲಿನ ಕಿಂಡಿಯಿಂದ ಬಿಸಿಲು ಬಿದ್ದದ್ದನ್ನು ಒಮ್ಮೆ ನೋಡಿದಳು. ಎರಡು ಕೆಂಪು ಗುಳಿಗೆ, ಅದರ ಸಂಗಡ ದವಾಖಾನೆಯವರೇ ಎಲುಬಿಗೆಂದು ಕೊಟ್ಟ ಇನ್ನೊಂದು ಬಿಳಿಯದು, ಮೂರನ್ನೂ ಬಾಯಿಗೆ ಹಾಕಿಕೊಂಡು ಚಹಾ ಕುಡಿದಳು. ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ಕೂತಳು. ವಾಂತಿ ತಡೆಯುತ್ತಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು.

"ಏ ಹುಡುಗಿ, ಈಗ್ಯಾಕ ನುಂಗತಿ? ರಾತ್ರಿ ಊಟ ಆದ ಮ್ಯಾಲ ಅಂದಿದ್ನೆಲ್ಲ ನಾನು?"

ಅವಳು ಕಣ್ಣು ತೆರೆದಳು. ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಸ್ವಲ್ಪ ಸೋಜಿಗವಾದಂತೆ ಕಂಡಿತು. "ರಾತ್ರಿ ನಮ್ಮಲ್ಲಿ ಊಟ ಎಲ್ಲೈತ್ರಿ ಅಕ್ಕಾರ? ನೀರ ಸುದ್ದಾ ಇಲ್ಲ. ನಾ ಹನ್ನೆರಡು ವರ್ಷದಾಕಿ ಇದ್ದಾಗ ಮುನಿ ಮಹಾರಾಜರ ಮುಂದ ನೇಮ ತಗೊಂಡೀನಿ. ನೀವು ರಾತ್ರಿದು ಅಂದ್ರಿ. ರಾತ್ರಿ ನುಂಗಾಕ ಬರೂದಿಲ್ಲ. ಅದಕ್ಕ ರಾತ್ರಿ ಮುಗಿದ ಕೂಡ್ಲೆ, ಬಾಯಿಗೆ ಮೊದಲ ಬೀಳೂದು ಅದs ಆಗ್ಲಿ ಅಂತ ಹಗಲಿಂದರ ಕೂಡನs ನುಂಗತೀನಿ. ಒಂದಿನಾನೂ ತಪ್ಪಿಸಿಲ್ರಿ."

ನಾನು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ.

ಇಪ್ಪತ್ತೆರಡು ವರ್ಷ ಆ ಓಣಿಯ ಪಾತ್ರೆ ಸದ್ದು ಕೇಳಿ ನನ್ನ ಒಲೆ ಹೊತ್ತಿಸಿದವಳು ನಾನು. ಅವರು ರಾತ್ರಿ ಉಣ್ಣುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ನೆರೆಮನೆಯ ಹೆಂಗಸಿಗೆ ಗೊತ್ತಿತ್ತು, ಚೀಲ ಹಾಕಿಕೊಂಡ ಆಶಾಬಾಯಿಗೆ ಗೊತ್ತಿರಲಿಲ್ಲ. ಹಾಳೆ ಬಿಚ್ಚಿದ ಕೂಡಲೇ ನನ್ನ ಬಾಯಿಂದ ಹಾಳೆಯ ಮಾತು ಬರುತ್ತಿತ್ತು. ಮೂಲೆಯಲ್ಲಿದ್ದ ಆ ಚಂದ್ರನನ್ನು ಅವರ ಕಟ್ಟೆಯ ಮೇಲೆ ಕೂತು ಬೆರಳಿಟ್ಟು ತೋರಿಸಿದ್ದೆನಲ್ಲ!

"ಮತ್ತ ಅವತ್ತs ಯಾಕ ಹೇಳಲಿಲ್ಲ?" ಎಂದು ಕೇಳಿದೆ.

ಉತ್ತರ ಕೊಟ್ಟವರು ಹಿಂದೆ ನಿಂತಿದ್ದ ಅತ್ತೆ. "ಏನಂತ ಹೇಳೂದು? ನೀ ಹಿಂದಿನೋಣಿಯಾಕಿ. ನಮ್ಮ ಪದ್ಧತಿ ನಿನಗ ಗೊತ್ತs ಐತಿ, ಗೊತ್ತಿದ್ದೂ ರಾತ್ರಿ ಅಂತಾಳ ಅಂದಮ್ಯಾಲ ದವಾಖಾನಿಯವರದು ಏನೋ ಇರಬೇಕು ಅಂದ್ಕೊಂಡ್ವಿ. ನೀರ ಕುಡದರ ಕುಡಿ, ಬಸರಿ ಹೆಂಗಸಿಗೆ ದೋಷಿಲ್ಲ ಅಂತ ನಾನs ಹೇಳಿದ್ನಿ. ಅಕೀನs ಒಲ್ಲೆ ಅಂದ್ಲು."

ಆ ದಿನ ಮನೆಗೆ ಬಂದು ಹಳೆಯ ತರಬೇತಿಯ ನೋಟುಬುಕ್ಕುಗಳನ್ನು ಹುಡುಕಿದೆ. ಗೋದಿಹಿಟ್ಟಿನ ಡಬ್ಬಿಯ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕವು. ಎರಡು ವರ್ಷದ ಹಿಂದೆ ಚಿಕ್ಕೋಡಿಯಲ್ಲಿ ಮೂರು ದಿನದ ತರಬೇತಿಯಾಗಿತ್ತು. ಕಲಿಸಿದವರು ಯಾವುದೋ ಕಾಲೇಜಿನ ಮೇಡಮ್ಮು. ಗಾಜಿನ ಲೋಟದಲ್ಲಿ ಚಹಾ ಇಟ್ಟುಕೊಂಡು, ಕಬ್ಬಿಣದ ಅಂಶವನ್ನು ಅದು ಹೊಟ್ಟೆಯಲ್ಲಿ ಹೇಗೆ ಹಿಡಿದಿಡುತ್ತದೆ ಎಂದು ಹೇಳಿದ್ದು ನನಗೆ ನೆನಪಿದೆ. ಎಷ್ಟೋ ಊರುಗಳಲ್ಲಿ ಎಷ್ಟೋ ಹೆಂಗಸರ ಮೇಲೆ ನೋಡಿ, ಅಳೆದು, ಈ ಮಾತು ಹೇಳುತ್ತಿದ್ದಾರೆ ಎಂದೂ ಅಂದಿದ್ದರು. ನನ್ನ ನೋಟುಬುಕ್ಕಿನಲ್ಲಿ ನೋಡಿದರೆ ಬರೆದದ್ದು ಇಷ್ಟೇ: ದಿನಕ್ಕೆ ಒಂದು, ರಾತ್ರಿ ಊಟದ ನಂತರ, ಚಹಾ ಬೇಡ, ನಿಂಬೆಹಣ್ಣು ಒಳ್ಳೆಯದು. ಯಾಕೆ ಎಂಬುದು ಒಂದಕ್ಷರ ಇಲ್ಲ. ಅವರು ಯಾಕೆ ಎಂದು ಹೇಳುವಾಗ ನಾನು ಪೆನ್ನು ಕೆಳಗಿಟ್ಟಿದ್ದೆ, ಏನು ಮಾಡಬೇಕು ಎಂದು ಹೇಳುವಾಗ ಎತ್ತಿಕೊಂಡಿದ್ದೆ. ಪರೀಕ್ಷೆಗೆ ಬರುವುದು ಅದೇ ತಾನೆ.

ಮರುದಿನ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಮೊದಲು ಅವರು, "ಊಟ ಸಂಜೆ ಮಾಡಿದರೆ ಸಂಜೆಯೇ ತಗೊಳ್ಳಲಿ" ಎಂದರು.

"ಸಂಜಿ ಊಟದ ಮ್ಯಾಲ ಅವರ ಮನ್ಯಾಗ ಚಾ ಐತ್ರಿ ಸಾಹೇಬ್ರ. ಹೊಲದಿಂದ ಬಂದವರೆಲ್ಲ ಉಂಡು, ಹೊತ್ತ ಮುಳುಗೂದ್ರೊಳಗ ಒಂದ್ ಕಪ್ ಚಾ ಕುಡದು ಬಾಯಿ ಮುಚ್ಚತಾರ. ಅದು ಕುಡದ್ರ ಮರುದಿನ ತನಕ ಏನೂ ಇಲ್ಲ."

ಅವರು ಪೆನ್ನು ಕೆಳಗಿಟ್ಟರು. "ಇದು ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಆ ಮೇಡಮ್ಮಿನ ಫೋನು ನಂಬರ್ ಅವರ ಬಳಿ ಇತ್ತು. ಹಚ್ಚಿ, ನನ್ನ ಕೈಗೇ ಕೊಟ್ಟುಬಿಟ್ಟರು.

ಮೇಡಮ್ಮು ಪೂರ್ತಿ ಕೇಳಿಸಿಕೊಂಡರು. ನಡುವೆ ಎರಡು ಸಲ ಮಾತ್ರ "ಯಾವಾಗ ನುಂಗ್ತಾಳೆ? ಯಾವುದರ ಜೊತೆ?" ಎಂದು ಕೇಳಿದರು. ಆಮೇಲೆ ಅವರು ಬಿಡಿಸಿ ಹೇಳಿದ ರೀತಿ ನನ್ನ ಕಣ್ಣು ತೆರೆಸಿತು. ಚಹಾ, ಹಾಲು ಗುಳಿಗೆಯ ಹತ್ತಿರ ಸುಳಿಯಬಾರದು, ಎರಡು ತಾಸಾದರೂ ಅಂತರ ಬೇಕು. ಸುಣ್ಣದ ಅಂಶದ ಬಿಳಿ ಗುಳಿಗೆ ಕೆಂಪು ಗುಳಿಗೆಯ ಸಂಗಡ ಬೇಡ. ಇವನ್ನು ಬದಲು ಮಾಡುವಂತಿಲ್ಲ. ಹೊಟ್ಟೆಯಲ್ಲಿ ಊಟವಿದ್ದರೆ ಸಂಕಟ ಕಡಿಮೆ. ರಾತ್ರಿ ಎಂದು ಹೇಳುವುದು ಅದಕ್ಕಾಗಿಯೇ: ನುಂಗಿ ಮಲಗಿದರೆ ವಾಕರಿಕೆ ಗೊತ್ತಾಗುವುದಿಲ್ಲ, ಮತ್ತೆ ಯಾರೂ ಚಹಾ ಕೇಳುವುದಿಲ್ಲ. "ರಾತ್ರಿಗೆ ತನ್ನದೇ ಏನೂ ಗುಣ ಇಲ್ಲಮ್ಮ. ಕಾರಣ ಉಳಿಸಿಕೊಳ್ಳಿ, ಹೊತ್ತು ನೀವು ಆ ಮನೆಗೆ ಹೊಂದಿಸಿ" ಎಂದರು. ಕೊನೆಗೆ, "ಹಾಳೆ ಮಾಡುವಾಗ ಎಲ್ಲರೂ ರಾತ್ರಿ ಉಣ್ಣುತ್ತಾರೆ ಅಂತ ನಾವೇ ಅಂದುಕೊಂಡುಬಿಟ್ಟಿದ್ವಿ. ಏನಾಗತ್ತೆ ಬರೆದಿಡಿ, ನನಗೂ ಹೇಳಿ" ಎಂದರು.

ಹೊಂದಿಸಿ ಎನ್ನುವುದು ಫೋನಿನಲ್ಲಿ ಒಂದು ಮಾತು. ಬಸದಿ ಓಣಿಯ ಅಡುಗೆಮನೆಯಲ್ಲಿ ಅದು ಒಂದು ಇಡೀ ಮಧ್ಯಾಹ್ನದ ಪಂಚಾಯಿತಿ.

ಬಿಳಿ ಗುಳಿಗೆ ಮುಂಜಾನೆಯ ಚಹಾ, ಹಾಲಿನ ಪಾಲಿಗೆ ಹೋಯಿತು, ಅದಕ್ಕೆ ತಕರಾರಿರಲಿಲ್ಲ. ಒಂದು ಕೆಂಪು ಗುಳಿಗೆ ಮಧ್ಯಾಹ್ನದ ಊಟದ ಮೇಲೆ, ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಂಡು. ಇನ್ನೊಂದು ಸಂಜೆ ಊಟದ ಮೇಲೆ, ಹೊತ್ತು ಮುಳುಗುವುದರೊಳಗೆ, ನೀರಿನಲ್ಲಿ. ಹಾಗಾದರೆ ಸಂಜೆಯ ಚಹಾ ಎಲ್ಲಿಗೆ ಹೋಗಬೇಕು?

"ಬಿಡತೀನ್ರಿ" ಎಂದಳು ಸೊಸೆ.

"ಬಿಡತಾಳಂತ!" ಎಂದರು ಅತ್ತೆ. "ಎಲ್ಲಾರೂ ಸುರ್ ಅಂತ ಕುಡಿಯೂಮುಂದ ಇಕಿ ಕುಂತು ನೋಡಬೇಕು. ನಾಕ ದಿನ ಬಿಡತಾಳ, ಐದನೇ ದಿನ ಒಂದ ಗುಟುಕು ಅಂತಾಳ. ನಾ ಹೆಣ್ಣಮಗಳಲ್ಲೇನು, ನನಗ ಗೊತ್ತಿಲ್ಲೇನು? ಚಾ ಮೂರಕ್ಕ ಮಾಡಿಬಿಡೂಣು. ಎಲ್ಲಾರದೂ."

"ಹೊಲದಾಗಿದ್ದವರಿಗೆ?"

"ಕ್ಯಾನಿನ್ಯಾಗ ಕಳಸ್ತೀನಿ. ಅಲ್ಲೇ ಕುಡೀಲಿ."

ಅವಳ ಮಾವನಿಗೆ ಇದು ಸರಿಬರಲಿಲ್ಲ. ಕಬ್ಬು ಕಡಿಯುವ ದಿನಗಳು ಬೇರೆ. ಮೊದಲ ಸಂಜೆ ಉಂಡು ಕೈತೊಳೆದು, ರೂಢಿಯಂತೆ ಕಪ್ಪಿಗಾಗಿ ಕೈ ನೀಡಿದವರ ಕೈಗೆ ಏನೂ ಬರಲಿಲ್ಲವಂತೆ. ಮರುದಿನ ದಾರಿಯಲ್ಲಿ ಸಿಕ್ಕು ನನ್ನನ್ನು ನಿಲ್ಲಿಸಿದರು. "ಏನವಾ ಆಶಾಬಾಯಿ, ಬಸರಿ ಅಕಿ, ಪಥ್ಯ ನನಗೇನು? ನನಗೂ ಒಂದ ಕಾರ್ಡ ಮಾಡಿಸಿ ಕೊಟ್ಟಬಿಡು, ನಾನೂ ತಿಂಗಳಾ ಬಂದು ಸೂಜಿ ಚುಚ್ಚಿಸಿಕೋತೀನಿ" ಎಂದರು. ಮುಖ ಗಂಟಿಕ್ಕಿತ್ತು, ಕಣ್ಣು ನಗುತ್ತಿದ್ದವು.

ಚಹಾದ ತೊಡಕು ಹೀಗೆ ಬಗೆಹರಿದರೂ ಮಧ್ಯಾಹ್ನದ ಗುಳಿಗೆ ಕೆಟ್ಟದಾಗಿ ಕಾಡಿತು. ನುಂಗಿದ ಅರ್ಧ ತಾಸಿಗೆ ಹೊಟ್ಟೆ ತೊಳಸಿ, ಎರಡು ದಿನ ಉಂಡದ್ದೆಲ್ಲ ಹೊರಗೆ ಬಂತು. ಮೂರನೆಯ ದಿನ ಅವಳು ಆ ಗುಳಿಗೆ ನುಂಗಲಿಲ್ಲ. ನಾನು ಹೋದಾಗ ಅವಳೇ ಹೇಳಿದಳು. ಅದು ನನಗೆ ದೊಡ್ಡದೆನ್ನಿಸಿತು. ಹಿಂದಿನ ನಾನಾಗಿದ್ದರೆ ಡೈರಿಯಲ್ಲಿ "ನುಂಗಿಲ್ಲ" ಎಂದು ಬರೆದು ಬುದ್ಧಿ ಹೇಳಿ ಎದ್ದು ಬರುತ್ತಿದ್ದೆ. ಈಗ ಮೇಡಮ್ಮಿನ ಮಾತು ನೆನಪಾಯಿತು. ರಾತ್ರಿ ಎಂದದ್ದು ಮಲಗಲಿ ಎಂದು. ಹೊತ್ತು ಬದಲಿಸಿದೆವು, ಆ ಕಾರಣವನ್ನು ಅಲ್ಲೇ ಬಿಟ್ಟು ಬಂದೆವು.

"ಉಂಡು ಗುಳಿಗಿ ನುಂಗಿ ಒಂದ ತಾಸು ಅಡ್ಡಾಗು" ಎಂದೆ.

ಇಬ್ಬರೂ ನನ್ನ ಮುಖ ನೋಡಿದರು. ಸುಗ್ಗಿಯ ದಿನಗಳಲ್ಲಿ, ಕಬ್ಬು ಕಡಿಯಲು ಬಂದವರಿಗೂ ಅಡುಗೆಯಾಗುವ ಮನೆಯಲ್ಲಿ, ಸೊಸೆಯಾದವಳು ನಡುಹಗಲು ಚಾಪೆ ಹಾಸಿ ಮಲಗುವುದೆಂದರೆ ಓಣಿಗೆ ಒಂದು ವಾರದ ಮಾತು. ಹುಡುಗಿ ತಲೆ ತಗ್ಗಿಸಿ, "ಮಂದಿ ಏನಂದಾರು?" ಎಂದಳು.

ಅತ್ತೆ ಎದ್ದು ಮುಂಬಾಗಿಲ ಕಡೆ ನೋಡಿ, "ಹಿಂದಿನ ಸಲ ಬೆಳಗಾವ್ಯಾಗ ಹದಿನಾರು ದಿವಸ ಮಲಗಿದ್ದಿ. ಅವಾಗ ಮಂದಿ ಏನೂ ಅನಲಿಲ್ಲ. ಮುಂದಿನ ಬಾಗಲಾ ಹಾಕ್ತೀನಿ, ಮಲಕ್ಕೊ. ಯಾರರ ಕೇಳಿದ್ರ ನಾ ಮಲಗೀನಿ ಅಂತೀನಿ. ಮುದುಕಿ ಮಲಗಿದ್ರ ಯಾರಿಗೂ ಸುದ್ದಿ ಅಲ್ಲ ಅದು" ಎಂದರು.

ಆ ಬಾಗಿಲು ದಿನಾ ಒಂದು ತಾಸು ಹಾಕಿರುತ್ತಿತ್ತು. ಒಂದೆರಡು ಸಲ ನಾನು ಕದ ಬಡಿಯದೆ ಹಿಂದಕ್ಕೆ ಬಂದೆ.

ಆ ತಿಂಗಳು ನಾನು ಬಸದಿ ಓಣಿಯ ಉಳಿದ ಮನೆಗಳಿಗೂ ಹೋದೆ. "ನುಂಗೀಯೇನು?" ಎನ್ನುವುದನ್ನು ಬಿಟ್ಟು, ಯಾವಾಗ ನುಂಗಿದಿ, ಯಾತರ ಕೂಡ ನುಂಗಿದಿ ಎಂದು ಕೇಳತೊಡಗಿದೆ. ಒಬ್ಬಳು ಮೊದಲಿನಿಂದಲೂ ತನ್ನ ಪಾಡಿಗೆ ಮಧ್ಯಾಹ್ನ ನುಂಗುತ್ತಿದ್ದಳು, ನನಗೆ ಹೇಳಿದರೆ ಬೈದೇನು ಎಂದು ಸುಮ್ಮನಿದ್ದಳು. ಇನ್ನೊಬ್ಬಳು ಸಂಜೆಯ ಹಾಲಿನಲ್ಲಿ ನುಂಗುತ್ತಿದ್ದಳು, ಹಾಲು ಪುಷ್ಟಿ ಎಂದು. ಹಿಂದಿನ ವರ್ಷಗಳ ಡೈರಿಗಳನ್ನು ತೆರೆದು ನೋಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಆ ಗೀಟುಗಳ ಹಿಂದೆ ಎಷ್ಟು ಜನ ಹೀಗೆ ನಿಷ್ಠೆಯಿಂದ ನುಂಗಿಯೂ ಸೊರಗಿದರೋ ಯಾರು ಬಲ್ಲರು. ತಿಂಗಳ ಮೀಟಿಂಗಿನಲ್ಲಿ ಈ ಮಾತು ಹೇಳಿದೆ. ಕೆಲವರು ನಕ್ಕರು, ಕೆಲವರು ಬರೆದುಕೊಂಡರು. ಹಾಳೆ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಮೇಲೆ ಬರೆದು ಕಳಿಸುತ್ತೇನೆ ಎಂದರು ಡಾಕ್ಟರು. ಕಳಿಸಿದರು ಕೂಡ. ಉತ್ತರ ಬಂತೋ ಇಲ್ಲವೋ ನನಗೆ ತಿಳಿಯದು.

ತಿಂಗಳ ಕೊನೆಗೆ ಪರೀಕ್ಷೆ. ಅತ್ತೆಯೂ ಬಂದಿದ್ದರು, ಹಬ್ಬದ ಸೀರೆ ಉಟ್ಟು, ವ್ಯಾಜ್ಯಕ್ಕೆ ಬಂದವರಂತೆ. ನರ್ಸಬಾಯಿ ಬೆರಳು ಚುಚ್ಚಿದರು, ಯಂತ್ರ ನೋಡಿದರು, ಸಮಾಧಾನವಾಗದೆ ಇನ್ನೊಂದು ಬೆರಳು ಚುಚ್ಚಿದರು. ಒಂಬತ್ತು ದಾಟಿತ್ತು.

"ಏರೇತಿ" ಎಂದರು ನರ್ಸಬಾಯಿ, ಮೆಲ್ಲಗೆ.

"ಜೋರ್ ಹೇಳ್ರಿ" ಎಂದರು ಅತ್ತೆ. "ಹೋದ ಸಲ ಹೇಳಿದ್ದು ರಸ್ತೆಕ್ಕ ಕೇಳಿಸಿತ್ತು."

ನರ್ಸಬಾಯಿಗೂ ನಗು ತಡೆಯಲಾಗಲಿಲ್ಲ. "ತಪ್ಪಾತ್ರಿ ಆಯಿ" ಎಂದು, ಆ ಹುಡುಗಿಯ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು.

ಹೆರಿಗೆಯ ದಿನ ಹತ್ತಿರ ಬಂದಾಗ ಎಚ್‌ಬಿ ಹತ್ತರ ಮೇಲೆ ಒಂದಿಷ್ಟು ನಿಂತಿತ್ತು. ಡಾಕ್ಟರು ಅಥಣಿಗೆ ಬರೆದುಕೊಟ್ಟರು. ಮುಂಜಾನೆ ನೋವು ಶುರುವಾಯಿತು, ಹನ್ನೊಂದಕ್ಕೆ ಅಥಣಿ ಮುಟ್ಟಿದೆವು, ಮಧ್ಯಾಹ್ನ ಗಂಡು ಕೂಸು ಹುಟ್ಟಿತು. ಈ ಸಲವೂ ರಕ್ತ ಹೋಯಿತು. ಒಳಗಿನಿಂದ ಸಿಸ್ಟರು ಬೇಗ ಬೇಗ ಬಂದು ಹೋಗುವುದನ್ನು ನೋಡುತ್ತ ನಾನೂ ಅವಳ ಅತ್ತೆಯೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಸಂಜೆಯಾಗುತ್ತ ಬಂತು. ಅವರು ಇಡೀ ದಿನ ಏನೂ ಉಂಡಿರಲಿಲ್ಲ, ಇನ್ನು ಹೊತ್ತು ಮುಳುಗಿದರೆ ಉಣ್ಣುವಂತೆಯೂ ಇರಲಿಲ್ಲ. ಬಾಳೆಹಣ್ಣು ಕೊಟ್ಟೆ, ಕೈಯಲ್ಲಿ ಹಿಡಿದುಕೊಂಡೇ ಕೂತರು. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು. ರಕ್ತ ನಿಂತಿದೆ, ಹೊರಗಿನ ರಕ್ತ ಬೇಕಾಗಲಿಲ್ಲ, ಇವಳಲ್ಲಿ ಇದ್ದದ್ದೇ ತಡೆಯಿತು ಎಂದರು. "ಮೂರು ತಿಂಗಳ ಹಿಂದಿನ ರಿಪೋರ್ಟ್ ನೋಡಿದೆ. ಹಂಗs ಬಂದಿದ್ರ ಇವತ್ತು ಕಷ್ಟ ಇತ್ತು" ಎಂದು ಸೇರಿಸಿದರು.

ಅತ್ತೆ ಬಾಳೆಹಣ್ಣು ಸುಲಿದು, ಅರ್ಧ ಮುರಿದು ನನಗೆ ಕೊಟ್ಟರು.

ಮರುದಿನ ನಾನು ವಾರ್ಡಿಗೆ ಹೋದಾಗ ಬಾಣಂತಿ ಮಲಗಿದ್ದಳು, ಕೂಸು ಅವಳ ಮಗ್ಗುಲಲ್ಲಿತ್ತು. ಅತ್ತೆ ಅಲ್ಲಿರಲಿಲ್ಲ. ಪಕ್ಕದ ಮಂಚದ ತುದಿಯಲ್ಲಿ ಕೂತು, ಏಳು ತಿಂಗಳ ಒಬ್ಬ ಬಸುರಿಗೆ ಪಾಠ ಹೇಳುತ್ತಿದ್ದರು. ಅವಳೂ ರಕ್ತ ಕಡಿಮೆಯೆಂದೇ ಬಂದು ಸೇರಿದವಳು, ತೆಲಸಂಗದ ಕಡೆಯವಳು.

"ಕೇಳ್ ಇಲ್ಲಿ ಮಗಳ, ಕೆಂಪು ಗುಳಿಗಿ ರಾತ್ರಿ ಮುಟ್ಟಬ್ಯಾಡ. ರಾತ್ರಿ ನುಂಗಿದ್ರ ಹತ್ತೂದಿಲ್ಲ ಅದು. ನಡುಮಧ್ಯಾಹ್ನ ನುಂಗಬೇಕು, ಬಾಗಲಾ ಹಾಕಿ ಮಲಗಬೇಕು. ಚಾ ಮೂರಕ್ಕ. ನಮ್ಮ ಆಶಾಬಾಯಿ ದೊಡ್ಡ ದೊಡ್ಡ ಡಾಕ್ಟರ್‌ನ ಕೇಳಿ ತಿಳಕೊಂಡಾಳ."

ಆ ಬಸುರಿ ಭಕ್ತಿಯಿಂದ ತಲೆಯಾಡಿಸುತ್ತಿದ್ದಳು. ನನ್ನ ದನಿಯೇ, ನನ್ನ ಹಾಳೆಯೇ, ಹೊತ್ತೊಂದು ಬೇರೆ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಒಂದು ಮನೆಯನ್ನು ಉಳಿಸಿದ ಹೊತ್ತು ಇನ್ನೊಂದು ಮನೆಗೆ ಕಟ್ಟಳೆಯಾಗಿ ಹೊರಟು ನಿಂತಿತ್ತು.

"ಆಯಿ, ಜರಾ ಸರೀರಿ" ಎಂದು ಮಂಚದ ಮೇಲೆ ಅವರ ಪಕ್ಕ ಕೂತೆ. ಆ ಹುಡುಗಿಯನ್ನು ಕೇಳಿದೆ: "ನಿಮ್ಮ ಮನ್ಯಾಗ ಊಟ ಎಷ್ಟೊತ್ತಿಗವ್ವಾ? ಚಾ ಯಾವಾಗ ಯಾವಾಗ ಕುಡೀತಿ?"

ಅವಳು ನಕ್ಕಳು. "ನಮ್ಮಲ್ಲಿ ಊಟಕ್ಕ ಟೈಮs ಇಲ್ರಿ ಅಕ್ಕಾರ. ನಮ್ಮನಿಯವರು ಸಕ್ಕರಿ ಕಾರಖಾನ್ಯಾಗ ಅದಾರ. ಒಂದ ವಾರ ಹಗಲ ಪಾಳಿ, ಒಂದ ವಾರ ರಾತ್ರಿ ಪಾಳಿ. ಅವರು ಬಂದಾಗ ನಾ ಉಣ್ಣೂದು."

ಅತ್ತೆ ನನ್ನ ಮುಖ ನೋಡಿದರು. ನಾನು ಚಪ್ಪಲಿ ಬಿಟ್ಟು ಕಾಲು ಮೇಲೆ ತೆಗೆದುಕೊಂಡು ಸರಿಯಾಗಿ ಕೂತೆ. "ಈ ವಾರದ್ದು ಮೊದಲ ಹೇಳು" ಎಂದೆ.